ಹಲ್ಲಿದ್ದವರು

ನಾನು ದ್ರಾಹೊಮೀರಾ. ಜಿಲ್ಲಾ ಜಲ ಕಚೇರಿ,
ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು.
ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು.
ಗೋಡೆಯ ಮೇಲಿನ ಅಧ್ಯಕ್ಷರು ಮೂರು ಸಲ ಬದಲಾಗಿದ್ದಾರೆ,
ಮೊಳೆ ಮಾತ್ರ ಅದೇ.

ಕಡತ ನಾನೂರ ಹನ್ನೊಂದು:
ಬೊಹೀಮಿಯದ ಗುಡ್ಡದಲ್ಲೊಂದು ತೊರೆ,
ನೆಟ್ಟಗೆ ಹೆಸರೂ ಇಲ್ಲ ಅದಕ್ಕೆ.
ಹಿಂದೆ ಅಲ್ಲಿ ಸೈನ್ಯವಿತ್ತು. ಟ್ಯಾಂಕು ಹೂತುಹೋಗದಿರಲೆಂದು
ಜೌಗನ್ನೆಲ್ಲ ಬಸಿದು ಕಾಲುವೆ ತೋಡಿದ್ದರು.
ಟ್ಯಾಂಕು ಹೋದವು. ಕಾಲುವೆ ಉಳಿಯಿತು.
ನೀರು, ಕವಾಯತಿಗೆ ನಿಂತ ಹೊಸ ಹುಡುಗನ ಹಾಗೆ,
ಅತ್ತಿತ್ತ ನೋಡದೆ ಓಡುತ್ತಿತ್ತು.
ಕೆಳಗೆ ಸೀಗಡಿಗಳು ಹೂಳಿನಲ್ಲಿ ಉಸಿರುಗಟ್ಟಿ ಸಾಯುತ್ತಿದ್ದವು.

ನಾಲ್ಕು ಪುಟ್ಟ ಕಟ್ಟೆ ಸಾಕು ಅಂದರು ಇಂಜಿನಿಯರ್ ವ್ರಾತಿಸ್ಲಾವ್,
ಏಳು ವರ್ಷದ ಹಿಂದೆ. ನಕ್ಷೆಯ ಮೇಲೆ ನಾಲ್ಕು ಗೀಟು.
ಇಲ್ಲಿ, ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ,
ಪೆನ್ಸಿಲ್ ತುದಿಯಿಂದ ನನ್ನ ಮೇಜು ಕುಟ್ಟಿದರು.

ಆಮೇಲಿನದು ಗೊತ್ತಲ್ಲ. ನೆಲ ಯಾರದು?
ಸೈನ್ಯದವರು ತಮ್ಮದಲ್ಲ ಅಂದರು. ಅರಣ್ಯದವರು
ತಮ್ಮದು ಹೌದು, ಆದರೆ ತಮ್ಮದಷ್ಟೇ ಅಲ್ಲ ಅಂದರು.
ಹೊಸ ಸರ್ಕಾರ ಬಂತು. ಹೊಸ ತಂತ್ರಾಂಶ ಬಂತು.
ಹಳೆಯ ಅರ್ಜಿ ಅದಕ್ಕೆ ಜೀರ್ಣವಾಗದು,
ಎಲ್ಲವನ್ನೂ ಮತ್ತೆ ಟೈಪು ಮಾಡಿದೆ.
ಆ ನಡುವೆ ವ್ರಾತಿಸ್ಲಾವ್ ತೀರಿಕೊಂಡರು.
ಅವರದೇ ಸಹಿ ಬೇಕೆಂದು
ಪ್ರಾಗಿನಿಂದ ಮೂರು ಜ್ಞಾಪನ ಪತ್ರ.

ಫೆಬ್ರುವರಿಯ ಒಂದು ಸೋಮವಾರ
ಅರಣ್ಯ ಕಾವಲಿನ ಓತಾಕರ್ ಫೋನು ಮಾಡಿ ನಕ್ಕ.
ನಗು ಮುಗಿಯುವ ತನಕ ಕಾದೆ.
ಕಟ್ಟಿಬಿಟ್ಟಿವೆ, ಅಂದ.
ಯಾರು?
ಬೀವರುಗಳು. ನಾಲ್ಕು ಕಟ್ಟೆ. ಪುಕ್ಕಟೆ.

ನಮ್ಮ ಹತ್ತಿರ ಕಡಲೆಯಿತ್ತು, ಅಂದಾಜು ಪಟ್ಟಿ, ಅನುದಾನ, ಮೊಹರು.
ಹಲ್ಲಿರಲಿಲ್ಲ.
ಅವಕ್ಕೆ ಹಲ್ಲಿತ್ತು, ಕಬ್ಬಿಣದಂಶ ಬೆರೆತು
ಕಿತ್ತಳೆ ಬಣ್ಣಕ್ಕೆ ತಿರುಗಿದ ಬಾಚಿಯಂಥ ಹಲ್ಲು.
ಕಡಲೆ ಎಲ್ಲಿದೆ ಎಂದು ಯಾರನ್ನೂ ಕೇಳಲಿಲ್ಲ.

ಮಂಗಳವಾರ ಕ್ಯಾಮೆರಾ ಬಂತು. ಬುಧವಾರ ಡ್ರೋನು.
ಗುರುವಾರದ ಹೊತ್ತಿಗೆ ನಾವೂ ಲೋಕವಾರ್ತೆ:
ಯುದ್ಧ ಮುಗಿದ ಮೇಲೆ, ಸುಂಕ ಮುಗಿದ ಮೇಲೆ,
ಹವಾಮಾನಕ್ಕೆ ಮುಂಚೆ, ನಲವತ್ತು ಸೆಕೆಂಡು.
ಯಾವುದೋ ಯಂತ್ರ ಚಿತ್ರ ಬರೆಯಿತು: ಹಳದಿ ಹೆಲ್ಮೆಟ್ಟಿನ ಬೀವರು,
ಕೈಗೆ ಆರು ಬೆರಳು, ಬೆರಳ ಸಂದಿಯಲ್ಲಿ ನೀಲನಕ್ಷೆ.
ಒಬ್ಬ ಮಂತ್ರಿ ಇದು ತಮ್ಮ ನೀತಿಯ ಗೆಲುವೆಂದರು.
ವಿರೋಧಪಕ್ಷ ಬೀವರನ್ನೇ ಮಂತ್ರಿ ಮಾಡಿ ಎಂದಿತು.
ಓಸ್ತ್ರಾವಾದಿಂದ ತಂಗಿಯ ಸಂದೇಶ:
ಅಕ್ಕಾ, ಏಳು ವರ್ಷ ನೀನೇನು ಮಾಡ್ತಿದ್ದೆ?

ಕಾಯ್ತಿದ್ದೆ ಕಣೇ.
ಅದೂ ಒಂದು ಕೆಲಸ. ಸಂಬಳ ಕೊಡುತ್ತಾರೆ.

ಭಾನುವಾರ ರಬ್ಬರ್ ಬೂಟು ಮೆಟ್ಟಿ ಹೋದೆ,
ಕೋಟಿನ ಜೇಬಿನಲ್ಲಿ ವ್ರಾತಿಸ್ಲಾವರ ನಕ್ಷೆ.
ಹಿಮ ಅರ್ಧ ಕರಗಿತ್ತು. ನೀರು ನಿಂತಿತ್ತು.
ಬರೀ ನಿಂತಿದ್ದಲ್ಲ, ಬೂಟು ಬಿಚ್ಚಿ, ಕಾಲು ಚಾಚಿ ಕೂತಿತ್ತು.
ಮೂರು ಕಟ್ಟೆ ಗೀಟಿನ ಮೇಲೇ.
ನಾಲ್ಕನೆಯದು ಹತ್ತು ಹೆಜ್ಜೆ ಮೇಲಕ್ಕೆ.
ನೋಡಿದೆ: ಅದೇ ಸರಿ, ಅಲ್ಲಿ ದಂಡೆ ಕಿರಿದು.
ಒಂದು ತಪ್ಪಿದಿರಿ ನೋಡಿ, ಅಂದೆ
ಜೋರಾಗಿಯೇ. ಕಾಡಿನಲ್ಲಿ ಯಾರೂ ಇರಲಿಲ್ಲ.
ಎಲ್ಲಿಯೋ ಒಂದು ಚಪ್ಪಟೆ ಬಾಲ
ರೊಟ್ಟಿ ಬಡಿದ ಹಾಗೆ ನೀರು ಬಡಿಯಿತು, ಒಂದೇ ಸಲ.

ಕಡತ ಮುಚ್ಚಲು ಗುತ್ತಿಗೆದಾರರ ಸಹಿ ಬೇಕು.
ವಿಲೋ ಬುಡದಿಂದ ಹೆಕ್ಕಿ ತಂದ ಚಕ್ಕೆಯೊಂದನ್ನು
(ಅಂಗೈಯಗಲ, ಎರಡು ಹಲ್ಲಿನ ಗುರುತು)
ಆ ಜಾಗಕ್ಕೆ ಅಂಟಿಸಿ ಮೊಹರು ಒತ್ತಿದೆ.
ಯಾರೂ ಆಕ್ಷೇಪಿಸಿಲ್ಲ. ಯಾರೂ ತೆರೆದಿಲ್ಲ.

ಈಗ ಮೇ ತಿಂಗಳು. ಕೆಳಗಿನ ಹಳ್ಳಿಯ ಪಾವ್ಲೀಚೆಕ್ ಬಂದಿದ್ದಾರೆ,
ಪ್ಯಾಂಟು ಮೊಣಕಾಲ ತನಕ ಒದ್ದೆ.
ಆಲೂಗಡ್ಡೆ ಹೊಲ ಕೆರೆಯಾಗಿದೆಯಂತೆ,
ಐದನೆಯ ಕಟ್ಟೆ ಕಿತ್ತುಹಾಕಿಸಬೇಕಂತೆ.
ಕಾಫಿ ಕೊಟ್ಟೆ. ಅನುಮತಿ ಬೇಕಾಗುತ್ತೆ, ಅಂದೆ.
ಎಷ್ಟು ದಿನ ಆಗಬಹುದಮ್ಮ?

ಅಧ್ಯಕ್ಷರ ಪಟದ ಕಡೆ ನೋಡಿದೆ.
ಮೊಳೆ ಸ್ವಲ್ಪ ಸಡಿಲಾದ ಹಾಗಿದೆ.